ತೂರಾಡುವ ಹೆಜ್ಜೆ, ಹಾರದ ನೊಣ

ಸಯ್ಯಾಜಿರಾವ್ ರಸ್ತೆಯಲ್ಲಿ ಹಾಡುಹಗಲೇ ಒಬ್ಬರು ಕಾಲು ಅಗಲಿಸಿಕೊಂಡು ತೂರಾಡುತ್ತ ನಡೆದರೆ, ಮಾತು ತೊದಲಿದರೆ, ನಾವು ವಿಚಾರಣೆಯಿಲ್ಲದೆ ತೀರ್ಪು ಕೊಟ್ಟುಬಿಡುತ್ತೇವೆ: ಕುಡಿದಿದ್ದಾರೆ! ಜೀವಮಾನದಲ್ಲಿ ಮದ್ಯವನ್ನು ಮುಟ್ಟದವರೂ ಈ ಅಪವಾದವನ್ನು ಹೊರಬೇಕಾಗುವುದುಂಟು. ತಲೆಯ ಹಿಂಭಾಗದಲ್ಲಿ, ದೊಡ್ಡ ಮೆದುಳಿನ ಕೆಳಗೆ ಅಡಗಿರುವ ಕಿರುಮೆದುಳು ಸೊರಗಿದರೆ ನಡಿಗೆ ಹಾಗಾಗುತ್ತದೆ. ಮದ್ಯವು ಕೆಡಿಸುವುದೂ ಅದರ ಕೆಲಸವನ್ನೇ, ಹೋಲಿಕೆ ಆಕಸ್ಮಿಕವಲ್ಲ.

ವೈಣಿಕನ ಬೆರಳು ತಂತಿಯನ್ನು ಮೀಟಬೇಕಾದ ಕ್ಷಣ, ಮೆಟ್ಟಿಲಿಳಿಯುವ ಕಾಲು ಊರಬೇಕಾದ ಜಾಗ, ಇವುಗಳನ್ನು ತಿದ್ದಿ ಹದಗೊಳಿಸುವುದು ಈ ಕಿರುಮೆದುಳು. ಅದರ ಮುಖ್ಯ ಕಾರ್ಯಕರ್ತರು ಪುರ್ಕಿಂಜೆ ಕೋಶಗಳು. 1837ರಲ್ಲಿ ಇವನ್ನು ವರ್ಣಿಸಿದ ಚೆಕ್ ವಿಜ್ಞಾನಿಯ ಹೆಸರೇ ಇವಕ್ಕೆ. ಪ್ರತಿ ಕೋಶದೊಳಗೂ ಕ್ಯಾಲ್ಸಿಯಂ ತುಂಬಿದ ಕಣಜಗಳಿವೆ. ಸಂದೇಶ ಬಂದಾಗ ಕಣಜದ ಬಾಗಿಲು ತೆರೆದು ಕ್ಯಾಲ್ಸಿಯಂ ಹೊರಬೀಳಬೇಕು. ಆ ಬಾಗಿಲೇ ಒಂದು ಪ್ರೋಟೀನು. ಇಲಿಗಳ ಕಿರುಮೆದುಳಿನಲ್ಲಿ ಇದರ ಬೆನ್ನುಹತ್ತಿದ ಜಪಾನಿನ ಮಿಕೋಶಿಬಾ ಅವರ ತಂಡವು 1989ರಲ್ಲಿ ಇದರ ರಚನೆಯನ್ನು ಪ್ರಕಟಿಸಿತು. ಹೆಸರು, ಐ.ಪಿ. 3 ಗ್ರಾಹಕ. ಇಂಥ ದ್ವಾರಪಾಲಕನಿಗೆ ಇಷ್ಟು ನೀರಸವಾದ ಹೆಸರೇ ಎಂದು ಕನ್ನಡದ ಮೇಷ್ಟರಿಗೆ ಅನ್ನಿಸದಿರದು.

ಈ ಪ್ರೋಟೀನಿನ ಜೀನು ತಂದೆಯಿಂದೊಂದು, ತಾಯಿಯಿಂದೊಂದು, ಹೀಗೆ ಎರಡು ಪ್ರತಿಗಳಲ್ಲಿ ನಮಗೆ ಬರುತ್ತದೆ. ಒಂದು ಪ್ರತಿ ಅಳಿದುಹೋದರೆ ಬಾಗಿಲುಗಳು ಕಡಿಮೆಯಾಗಿ, ವರ್ಷಗಳು ಕಳೆದಂತೆ ಹೆಜ್ಜೆ ತಪ್ಪಲಾರಂಭಿಸುತ್ತದೆಂಬುದು 2007ರಲ್ಲಿ ದೃಢಪಟ್ಟಿತು. ಅಂಥವರ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ತೂರಾಟಕ್ಕೆ ಬೇರೆ ಕಾರಣಗಳೂ ಅನೇಕ, ಇದು ಅಪರೂಪದ್ದು.

ನಂಜನಗೂಡಿನ ರಸಬಾಳೆ ಕಳಿತೊಡನೆ ಮುತ್ತುವ ಪುಟ್ಟ ನೊಣವನ್ನು ವಾಚಕರು ಬಲ್ಲರಷ್ಟೆ. ನಮ್ಮ ಮಾನಸಗಂಗೋತ್ರಿಯಲ್ಲಿ ಇಂಥ ನೊಣಗಳನ್ನು ಸಂಶೋಧನೆಗಾಗಿಯೇ ಸಾಕುತ್ತಾರೆ. ನೊಣಕ್ಕೆ ಕಿರುಮೆದುಳಿಲ್ಲ, ಆದರೆ ಈ ಬಾಗಿಲು ಉಂಟು. ಅದು ಕೆಟ್ಟ ನೊಣಗಳು ಹಾರಲಾರವೆಂಬುದನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಗೈತಿ ಹಸನ್ ಅವರ ತಂಡವು 2004ರಲ್ಲಿ ತೋರಿಸಿತು. ರೆಕ್ಕೆಯಿದ್ದೂ ಹಾರಾಟವಿಲ್ಲ! ನರಕೋಶಗಳಿಗೆ ಹೊರಗಿನಿಂದ ಕ್ಯಾಲ್ಸಿಯಂ ಬರುವ ಇನ್ನೊಂದು ದಾರಿಯನ್ನು ಬಲಪಡಿಸಿದಾಗ ಹಾರಾಟ ಮರಳಿತೆಂದು ಅದೇ ತಂಡ 2009ರಲ್ಲಿ ವರದಿ ಮಾಡಿತು. ನೊಣ ಮನುಷ್ಯನಲ್ಲ, ನಿಜ. ಆದರೂ ಕೆಟ್ಟ ಬಾಗಿಲಿಗೆ ಬದಲುದಾರಿ ಇರಬಹುದೆಂಬ ಆಸೆ ಹುಟ್ಟಿದ್ದು ಹೀಗೆ.

ಮನುಷ್ಯರಲ್ಲಿ ಈ ಬೇನೆಯನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ನಡಿಗೆಯ ವ್ಯಾಯಾಮ, ಮಾತಿನ ಅಭ್ಯಾಸ, ಇವೇ ಆಸರೆ. ಮಾತಿನ ತೊಂದರೆಗೆ ನಮ್ಮೂರಿನಲ್ಲಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮನೆಯ ಹಿರಿಯರೊಬ್ಬರು ಹೀಗೆಯೇ ನಡೆಯುತ್ತಿದ್ದರೆಂಬ ನೆನಪಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮಗಳ ಮದುವೆಗೆ ಅಡ್ಡಿಯಾದೀತೆಂದು ಅದನ್ನು ಬಚ್ಚಿಟ್ಟು, ಬೇಕಾದರೆ ಅವರನ್ನು ಕುಡುಕರೆಂದೇ ಕರೆಸಿಕೊಳ್ಳಲು ಬಿಡುವ ಮನೆಗಳೂ ಉಂಟು.