ಊರಿಗೆರಡು ಶಾಲೆ

ನಮ್ಮ ಪಾಂಡವಪುರದಲ್ಲಿ ಬೆಳಗಿನ ಎಂಟು ಗಂಟೆಗೆ ಬೀದಿಯ ತುದಿಯಲ್ಲಿ ನಿಂತರೆ ಎರಡು ಬಗೆಯ ಮಕ್ಕಳನ್ನು ಕಾಣಬಹುದು. ಹಳದಿ ಬಣ್ಣದ ವ್ಯಾನಿಗಾಗಿ ಕಾದು ನಿಂತವರು ಕೆಲವರು. ಚೀಲವನ್ನು ಬೆನ್ನಿಗೇರಿಸಿಕೊಂಡು ನಡೆದೇ ಹೋಗುವವರು ಕೆಲವರು. ಎಲ್ಲರೂ ಒಂದೇ ಬೀದಿಯ ಮಕ್ಕಳು. ಸಂಜೆ ಅವರು ಒಟ್ಟಿಗೆ ಆಡುವುದೂ ಈಚೆಗೆ ಕಡಮೆಯಾಗಿದೆ. ಇದನ್ನು ನೋಡಿದ ನನ್ನ ಮಿತ್ರರೊಬ್ಬರು, ಅವರೂ ನನ್ನಂತೆ ನಿವೃತ್ತ ಉಪಾಧ್ಯಾಯರೇ, ಮೊನ್ನೆ ಸ್ವಲ್ಪ ಕಟುವಾಗಿ ನುಡಿದರು: “ಸರ್ಕಾರ ಧೈರ್ಯಮಾಡಿ ಖಾಸಗಿ ಶಾಲೆಗಳನ್ನೆಲ್ಲ ಮುಚ್ಚಿಬಿಡಬೇಕು. ಆರೇ ತಿಂಗಳಲ್ಲಿ ನಮ್ಮ ಶಾಲೆಗಳ ಸೋರುವ ಸೂರು ರಿಪೇರಿಯಾಗದಿದ್ದರೆ ಕೇಳಿ!” ಈ ಮಾತಿನ ಉತ್ತರಾರ್ಧವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಪೂರ್ವಾರ್ಧವನ್ನು ಒಪ್ಪಲಾರೆ.

ಖಾಸಗಿ ಶಾಲೆ ನಮ್ಮಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದೇನೂ ಅಲ್ಲ. ನಮ್ಮ ಮುತ್ತಜ್ಜಂದಿರು ಮರಳಿನ ಮೇಲೆ ಬೆರಳಿಟ್ಟು ಓನಾಮ ತಿದ್ದಿದ ಕೂಲಿಮಠ ಮತ್ತೇನು? ಅಯ್ಯಗಳಿಗೆ ರಾಗಿಯನ್ನೋ ಭತ್ತವನ್ನೋ ಅಳೆದು ಕೊಡಬೇಕಾಗಿತ್ತು. ಅಳೆಯಲಾರದವನ ಮಗನಿಗೆ ಅಕ್ಷರವಿರಲಿಲ್ಲ. ಹೆಣ್ಣುಮಕ್ಕಳೂ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳೂ ಹೊಸ್ತಿಲಿನ ಹೊರಗೇ. ಮೈಸೂರು ಸೀಮೆಯಲ್ಲಿ ಬಿ.ಎಲ್. ರೈಸ್ ಅವರ ಕಾಲದಲ್ಲಿ, 1868ರಲ್ಲಿ, ಹೋಬಳಿ ಶಾಲೆಗಳ ಯೋಜನೆ ಬಂತು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಸಾರ್ವಜನಿಕರ ಶಾಲೆಯೇ, ನಿಜವಾಗಿ ನೋಡಿದರೆ, ಹೊಸ ಕೂಸು. ಕೂಲಿಮಠವು ಹೊರಗೆ ನಿಲ್ಲಿಸಿದವರಿಗಾಗಿ ಅದು ಹುಟ್ಟಿತು ಎಂಬುದನ್ನು ಮಾತ್ರ ಮರೆಯಬಾರದು.

ಇನ್ನು ಸರ್ಕಾರೇತರ ಪ್ರಯತ್ನಗಳೆಲ್ಲ ವ್ಯಾಪಾರವೆಂದರೆ ಅದು ಅನ್ಯಾಯದ ಮಾತು. ಕೆ.ವಿ. ಶಂಕರಗೌಡರು ಮತ್ತು ಅವರ ಜನತಾ ಶಿಕ್ಷಣ ಟ್ರಸ್ಟಿನವರು 1962ರಲ್ಲಿ ಮಂಡ್ಯದಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯದಿದ್ದರೆ ನಮ್ಮ ಕಡೆಯ ಎಷ್ಟು ಒಕ್ಕಲು ಮಕ್ಕಳು ಎಂಜಿನಿಯರುಗಳಾಗುತ್ತಿದ್ದರು? ನಾಗಮಂಗಲದ ಆದಿಚುಂಚನಗಿರಿ ಮಠದ ಶಿಕ್ಷಣ ಟ್ರಸ್ಟು 1974ರಿಂದ ನಡೆಸಿರುವ ಕಾರ್ಯ ಎಲ್ಲರಿಗೂ ತಿಳಿದದ್ದೇ. ನಮ್ಮ ತಾಲ್ಲೂಕಿನ ಮೇಲುಕೋಟೆಯಲ್ಲೇ ಸುರೇಂದ್ರ ಕೌಲಗಿಯವರು 1960ರಲ್ಲಿ ಜನಪದ ಸೇವಾ ಟ್ರಸ್ಟನ್ನು ಆರಂಭಿಸಿದಾಗ ಅವರಿಗೆ ಯಾವ ಸರ್ಕಾರಿ ಸುತ್ತೋಲೆಯೂ ಬಂದಿರಲಿಲ್ಲ. ಇಂಥ ಬಾಗಿಲುಗಳಿಗೂ ಬೀಗ ಜಡಿಯಿರೆನ್ನಲು ನನಗೆ ಬಾಯಿ ಬಾರದು. ಕಾನೂನೂ ಬಿಡುವುದಿಲ್ಲ. ಅಮೆರಿಕದ ಒರೆಗಾನ್ ರಾಜ್ಯದವರು ಮಕ್ಕಳೆಲ್ಲರೂ ಸಾರ್ವಜನಿಕ ಶಾಲೆಗೇ ಬರಬೇಕೆಂದು 1922ರಲ್ಲಿ ವಿಧಿಸಿದರು. 1925ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ನಮ್ಮ ಸುಪ್ರೀಂ ಕೋರ್ಟು ವಿದ್ಯಾಸಂಸ್ಥೆ ನಡೆಸುವ ಹಕ್ಕನ್ನು 2002ರಲ್ಲಿ ಎತ್ತಿಹಿಡಿದ ಮೊಕದ್ದಮೆಯೂ ನಮ್ಮ ಮಣಿಪಾಲದಿಂದಲೇ ಹೋದದ್ದು.

ನಮ್ಮ ಸೀಮೆಯ ರೈತನಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಇಲ್ಲಿ ಕಬ್ಬಿಗೆ ಎರಡು ದಾರಿ: ಸಹಕಾರಿ ಸಕ್ಕರೆ ಕಾರ್ಖಾನೆ, ಇಲ್ಲವೆ ಆಲೆಮನೆ. ನಮ್ಮ ಕಾರ್ಖಾನೆ ಕೆಲವು ವರ್ಷ ನಿಂತೇಹೋಗಿ, 2020ರಲ್ಲಿ ಖಾಸಗಿಯವರ ಗುತ್ತಿಗೆಗೆ ಹೋಯಿತು. ಆ ವರ್ಷಗಳಲ್ಲಿ ಆಲೆಮನೆಗಳೂ ಇಲ್ಲದಿದ್ದರೆ ಕಬ್ಬಿನ ಗತಿ ಏನಾಗುತ್ತಿತ್ತು? ಎರಡನೆಯ ಬಾಗಿಲೊಂದು ತೆರೆದಿರಬೇಕೆಂದು ನಾನು ವಾದಿಸುವುದು ಇದಕ್ಕಾಗಿಯೇ.

ಆದರೆ ಉಪಮೆ ಇಲ್ಲಿಗೇ ಮುಗಿಯಿತು. ಕಬ್ಬು ಆಲೆಮನೆಗೆ ಹೋದರೂ ರೈತ ಕಾರ್ಖಾನೆಯ ಷೇರುದಾರನಾಗಿಯೇ ಉಳಿಯುತ್ತಾನೆ. ವಾರ್ಷಿಕ ಸಭೆಯಲ್ಲಿ ಮೇಜು ಗುದ್ದಿ ಲೆಕ್ಕ ಕೇಳುತ್ತಾನೆ. ಶಾಲೆಯಲ್ಲಿ ಹಾಗಲ್ಲ. ಮಗು ಬಿಟ್ಟುಹೋದರೆ ತಂದೆಯೂ ಬಿಟ್ಟುಹೋದಂತೆಯೇ. 2001ರಿಂದ ನಮ್ಮ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಸಮಿತಿಗಳಿವೆ. ಅವುಗಳಲ್ಲಿ ಕುಳಿತುಕೊಳ್ಳುವವರು ಮುಖ್ಯವಾಗಿ ಅಲ್ಲಿ ಓದುವ ಮಕ್ಕಳ ತಂದೆತಾಯಿಗಳು. ನಿಯಮವೇನೋ ಸರಿಯೇ. ಆದರೆ ಊರಿನ ಡಾಕ್ಟರು, ವಕೀಲರು, ಅಂಗಡಿಯ ಸಾಹುಕಾರರು, ಗುಮಾಸ್ತರು ಎಲ್ಲರ ಮಕ್ಕಳೂ ವ್ಯಾನು ಹತ್ತಿದ ಮೇಲೆ ಸಮಿತಿಯಲ್ಲಿ ಉಳಿಯುವವರು ಯಾರು? ದಿನಗೂಲಿ ಬಿಟ್ಟು ಸಭೆಗೆ ಬರಬೇಕಾದ ತಾಯಿ. ಸೋರುವ ಸೂರು ಆಕೆಗೆ ಕಾಣುವುದಿಲ್ಲವೆಂದಲ್ಲ. ಆಕೆಯ ಮಾತು ತಾಲ್ಲೂಕು ಕಚೇರಿಯವರೆಗೆ ಮುಟ್ಟುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಈ ಸೀಮೆಯ ಸರ್ಕಾರಿ ಶಾಲೆಗಳಲ್ಲೇ ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಹೇಳಿದವನು ನಾನು. ಒಂದು ಮಳೆಗಾಲದಲ್ಲಿ ತರಗತಿಯೊಳಗೆ ನೀರು ನಿಂತಿತ್ತು. ಕಬ್ಬು ಕಡಿಯುವ ಕೂಲಿಗೆ ಹೋಗುವ ಹೆಂಗಸೊಬ್ಬಳು ಮಗಳನ್ನು ಬಿಡಲು ಬಂದವಳು ನೀರನ್ನು ನೋಡಿದಳು, ನನ್ನನ್ನು ನೋಡಿದಳು. “ಮೇಷ್ಟ್ರೇ, ನಿಮ್ ಮಗ ಯಾವ್ ಇಸ್ಕೂಲ್ಗೆ ಓಯ್ತನೆ?” ಎಂದಳು. ವ್ಯಂಗ್ಯವಿರಲಿಲ್ಲ, ಸುಮ್ಮನೆ ಕೇಳಿದಳು. ನನ್ನ ಮಗ ಆಗ ನೆರೆಯ ನಗರದ ಹೆಸರುವಾಸಿ ಇಂಗ್ಲಿಷ್ ಶಾಲೆಯೊಂದರಲ್ಲಿದ್ದ. ಸಂಬಳ ಈ ಶಾಲೆಯದು, ಫೀಸು ಆ ಶಾಲೆಗೆ. ನಾನು ಏನೋ ಗೊಣಗಿ ಹಾಜರಿ ಪುಸ್ತಕ ತೆರೆದೆ.

ಆದ್ದರಿಂದ ನನ್ನ ವಾದ ಇಷ್ಟು: ಖಾಸಗಿ ಶಾಲೆ ಇರಲಿ, ಆದರೆ ಸಾರ್ವಜನಿಕರ ಹಣದಿಂದ ಶಿಕ್ಷಣವನ್ನು ನಡೆಸುವವರು, ಅಂದರೆ ಉಪಾಧ್ಯಾಯರು, ಇಲಾಖೆಯ ಅಧಿಕಾರಿಗಳು, ಶಾಸಕರು, ಮಂತ್ರಿಗಳು, ತಮ್ಮ ಮಕ್ಕಳನ್ನು ಸಾರ್ವಜನಿಕ ಶಾಲೆಗೆ ಕಳಿಸಲಿ. ಅಲಹಾಬಾದ್ ಹೈಕೋರ್ಟು 2015ರಲ್ಲಿ ಉತ್ತರ ಪ್ರದೇಶದ ಸರ್ಕಾರಿ ನೌಕರರಿಗೂ ಜನಪ್ರತಿನಿಧಿಗಳಿಗೂ ಇಂಥದೇ ಆಜ್ಞೆ ಮಾಡಿತು. ಅದು ಕಾಗದದಲ್ಲೇ ಉಳಿಯಿತು. ತಾಯಿಯೊಬ್ಬಳು ಮಗುವನ್ನು ಎಲ್ಲಿ ಓದಿಸಬೇಕೆಂದು ನ್ಯಾಯಾಧೀಶರು ಹೇಳುವುದು ನನಗೂ ರುಚಿಸದು. ಆದರೆ ಕೆಲಸಕ್ಕೆ ಸೇರುವಾಗಲೇ ಒಪ್ಪಿಕೊಳ್ಳುವ ಷರತ್ತಾದರೆ ಅದರಲ್ಲಿ ಬಲಾತ್ಕಾರವೇನಿದೆ? ತನ್ನ ಅಡುಗೆಯನ್ನು ತಾನೇ ಉಣ್ಣದ ಭಟ್ಟನನ್ನು ನಾವು ಮದುವೆಗೆ ಕರೆಯುತ್ತೇವೆಯೆ?

ಇದರ ಜೊತೆಗೆ ತಂದೆತಾಯಿಗಳು ಓಡಿಹೋಗುವುದು ಏತಕ್ಕೆಂಬುದನ್ನೂ ಸರ್ಕಾರ ನೋಡಬೇಕು. ಸರ್ಕಾರಿ ಶಾಲೆಯ ಒಂದನೆಯ ತರಗತಿಗೆ ಮಗು ಆರು ವರ್ಷದ್ದಾಗಿರಬೇಕು. ವ್ಯಾನು ಮೂರನೆಯ ವರ್ಷಕ್ಕೇ ಬಾಗಿಲಿಗೆ ಬರುತ್ತದೆ. ಹತ್ತಿದ ಮಗು ಮತ್ತೆ ಇಳಿಯುವುದು ಅಪರೂಪ. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆದಾಗ ಕನ್ನಡದ ಹಿರಿಯರು ಅನೇಕರು ನೊಂದರು. ಆ ನೋವು ನನಗೂ ಇದೆ. ಆದರೆ ಇಂಗ್ಲಿಷು ಉಳ್ಳವರ ಮನೆಯ ಸ್ವತ್ತಾಗಿರುವ ತನಕ ಕನ್ನಡ ಶಾಲೆಯನ್ನು ಬಡವನ ತಲೆಗೆ ಕಟ್ಟುವುದು ಕನ್ನಡದ ಸೇವೆಯೆಂದು ಹೇಳಲಾರೆ.

ಶಿಕ್ಷಣ ಹಕ್ಕಿನ ಕಾಯಿದೆ 2010ರಲ್ಲಿ ಜಾರಿಗೆ ಬಂದು, ಖಾಸಗಿ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಬಡಮಕ್ಕಳಿಗೆಂದಾಯಿತು. ಫೀಸನ್ನು ಸರ್ಕಾರವೇ ತೆತ್ತು, ನಮ್ಮ ಶಾಲೆ ಸಾಲದೆಂದು ತಾನೇ ಡಂಗುರ ಹೊಡೆಸಿದಂತಾಯಿತು. 2019ರಲ್ಲಿ ನಮ್ಮ ರಾಜ್ಯ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸ್ಥಾನಗಳಿಲ್ಲವೆಂದಿತು. ಹಣ ಉಳಿಯಿತು, ಸರಿ. ಆದರೆ ಈಗ ಬಡವನ ಮಗು ಆ ಕಡೆಗೆ ಹೋಗುವಂತಿಲ್ಲ, ಉಳ್ಳವನ ಮಗು ಈ ಕಡೆಗೆ ಬರುವುದಿಲ್ಲ. ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಕಲಿಯಲೆಂದು ಕೊಠಾರಿ ಆಯೋಗ 1966ರಲ್ಲಿಯೇ ಹೇಳಿತ್ತು.

ಬರುವ ಜೂನ್ ತಿಂಗಳಿಗೆ ನನ್ನ ಮೊಮ್ಮಗಳಿಗೆ ಆರು ತುಂಬುತ್ತದೆ. ನಮ್ಮ ಬೀದಿಯ ಸರ್ಕಾರಿ ಶಾಲೆಗೇ ಸೇರಿಸೋಣವೆಂದು ಮಗನಿಗೆ ಹೇಳಿದೆ. ಸಮಿತಿಯ ಸಭೆಗೆ ನಾನೇ ಅವನನ್ನು ಎಬ್ಬಿಸಿ ಕಳಿಸುತ್ತೇನೆಂದೂ ಹೇಳಿದೆ. ಅವನು ಪತ್ರಿಕೆಯಿಂದ ತಲೆಯೆತ್ತದೆ, “ನನ್ನನ್ನು ನೀವು ಎಲ್ಲಿಗೆ ಕಳಿಸಿದಿರಪ್ಪ?” ಎಂದ. ಸೊಸೆ ಇನ್ನೂ ಏನೂ ಹೇಳಿಲ್ಲ. ಜೂನ್ ತಿಂಗಳಿಗೆ ಸಮಯವಿದೆ.