ಒಂದು ಪದ್ಯವಲ್ಲ, ಒಟ್ಟು ಕೃತಿ

ಕಲೆ, ಸಾಹಿತ್ಯಗಳ ವಿಮರ್ಶೆ ಓದುವ ವಾಚಕರಿಗೆ ಒಂದು ಫ್ರೆಂಚ್ ಪದ ಆಗಾಗ ಎದುರಾಗುವುದುಂಟು. ಇಂಗ್ಲಿಷಿನ ಮೂಲಕ ಬಂದ ಅದನ್ನು ಕೆಲವರು 'ಓವ್ರ್' ಎಂದೂ ಕೆಲವರು 'ಊವ್ರ್' ಎಂದೂ ಬರೆಯುತ್ತಾರೆ. ತುಟಿಯನ್ನು ದುಂಡಗೆ ಮಾಡಿ 'ಎವ್ರ್' ಎಂದರೆ ಫ್ರೆಂಚರ ಉಚ್ಚಾರಕ್ಕೆ ಹತ್ತಿರವಾದೀತು. ಕಲಾವಿದನೊಬ್ಬ ಜೀವಮಾನವಿಡೀ ಮಾಡಿದ ಕೃತಿಗಳ ಒಟ್ಟು ಮೊತ್ತ ಎಂಬುದು ಅದರ ರೂಢಿಯ ಅರ್ಥ. ಶ್ರೇಷ್ಠ ಕೃತಿ ಎಂದಲ್ಲ. ಎಮಿಲ್ ಜೋಲಾ 1886ರಲ್ಲಿ ಚಿತ್ರಕಾರನೊಬ್ಬನ ಕಥೆ ಬರೆದು ಇದೇ ಪದವನ್ನು ಹೆಸರಾಗಿಟ್ಟ. ಇಂಗ್ಲಿಷಿಗೆ ತಂದವರು 'ಮಾಸ್ಟರ್‌ಪೀಸ್' ಎಂದು ಮಾಡಿಬಿಟ್ಟರು!

ಪದದ ಬೇರು ಲ್ಯಾಟಿನ್. 'ಓಪುಸ್' ಎಂದರೆ ಕೆಲಸ. ಅದರ ಬಹುವಚನ 'ಓಪೆರಾ'. ಮಂಗಳೂರಿನ ಆಸ್ಪತ್ರೆಗೆ ನಾವು ಯಾವ 'ಆಪರೇಶನ್'ಗೆ ಹೋಗುತ್ತೇವೆಯೋ ಅದೂ ಇದೇ ಬೇರಿನದು. ಫ್ರೆಂಚಿನಲ್ಲಿ ಒಂದು ಕೃತಿಯನ್ನು ಹೇಳುವಾಗ ಪದ ಸ್ತ್ರೀಲಿಂಗ. ಕಲಾವಿದನ ಎಲ್ಲ ಕೃತಿಗಳನ್ನು ಒಟ್ಟಾಗಿ ಹೇಳುವಾಗ ಪುಲ್ಲಿಂಗವೂ ಆಗುತ್ತದೆ. ವ್ಯಾಕರಣ ಕಲಿಸುವವನಿಗೆ ಇದು ರುಚಿಯ ವಿಷಯ, ಇರಲಿ.

ನಮ್ಮಲ್ಲಿ 'ಕೃತಿ' ಎಂದರೂ ಮಾಡಿದ್ದು ಎಂದೇ ಅರ್ಥ. 'ಸಮಗ್ರ ಸಾಹಿತ್ಯ' ಎನ್ನುತ್ತೇವೆ. ನೆರೆಯ ಮಲಯಾಳಿಗಳು 'ಸಂಪೂರ್ಣ ಕೃತಿಗಳ್' ಎನ್ನುತ್ತಾರೆ. ಆದರೆ ಇವೆರಡನ್ನೂ ಕೇಳಿದೊಡನೆ ಕಣ್ಣ ಮುಂದೆ ಬರುವುದು ದಪ್ಪ ರಟ್ಟಿನ ಸಂಪುಟಗಳು. ಅಚ್ಚಾಗದೆ ಉಳಿದದ್ದು, ಚದುರಿ ಹೋದದ್ದು, ಬಡಕಲಾದದ್ದು ಎಲ್ಲವೂ ಫ್ರೆಂಚ್ ಪದದೊಳಗೆ ಸೇರುತ್ತವೆ. ವ್ಯಾನ್ ಗೋ ಚಿತ್ರ ಬರೆದದ್ದು ಸುಮಾರು ಹತ್ತೇ ವರ್ಷ. ತೈಲಚಿತ್ರಗಳೇ 800ಕ್ಕೂ ಹೆಚ್ಚು. 1888ರ ಸೂರ್ಯಕಾಂತಿಯನ್ನಷ್ಟೇ ಕಂಡವನಿಗೆ, 1885ರಲ್ಲಿ ಆತ ಕಪ್ಪು ಮಣ್ಣಿನ ಬಣ್ಣದಲ್ಲಿ ಬರೆದ ಆಲೂಗಡ್ಡೆ ತಿನ್ನುವ ಬಡವರ ಪರಿಚಯವೇ ಇರುವುದಿಲ್ಲ. ಕತ್ತಲೆಯಿಂದ ಆ ಹಳದಿಗೆ ಬಂದ ದಾರಿ ಒಂದು ಚಿತ್ರದಲ್ಲಿ ಕಾಣಿಸದು. ಪದವನ್ನು ಕನ್ನಡಕ್ಕೆ ತರಲೇಬೇಕೆಂಬ ಹಠ ನನಗಿಲ್ಲ, 'ಒಟ್ಟು ಕೃತಿ' ಎಂದರೆ ಸಾಕು. ಅದರ ಹಿಂದಿರುವ ಈ ದೃಷ್ಟಿ ಮಾತ್ರ ಬೇಕು, ಗಡಿಯ ಈಚೆಗಿರುವ ನಮಗಂತೂ ತೀರಾ ಬೇಕು.

ಕಾರಣ ಹೇಳುತ್ತೇನೆ. ಪಾಠಪುಸ್ತಕ ಒಬ್ಬ ಕವಿಗೆ ಕೊಡುವುದು ಒಂದೆರಡು ಪುಟ. ಕಯ್ಯಾರ ಕಿಞ್ಞಣ್ಣ ರೈಗಳನ್ನು (1915–2015) ನಮ್ಮ ಮಕ್ಕಳು ಬಲ್ಲುದು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕವಿಯೆಂದು. ಅದು ಸತ್ಯವೇ. ಆದರೆ ಅದೇ ಕೈ ಮಲಯಾಳದ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಿಸಿತು, ತುಳುವಿನಲ್ಲಿ ಕವಿತೆ ಬರೆಯಿತು, 'ದುಡಿತವೆ ನನ್ನ ದೇವರು' ಎಂಬ ಆತ್ಮಕಥೆಯನ್ನೂ ಬರೆಯಿತು. ಹೋರಾಟದ ಹಾಡೊಂದನ್ನೇ ಬಲ್ಲ ಹುಡುಗ ರೈಗಳನ್ನು ಮಲಯಾಳದ ವೈರಿಯೆಂದು ತಿಳಿದರೆ ತಪ್ಪು ಹುಡುಗನದಲ್ಲ. ತನ್ನ ನುಡಿಗಾಗಿ ಪಟ್ಟು ಹಿಡಿದವನು ನೆರೆಯ ನುಡಿಯನ್ನು ಪ್ರೀತಿಸಬಲ್ಲನೆಂಬುದನ್ನು ಅವರ ಒಟ್ಟು ಕೃತಿ ಮಾತ್ರ ತೋರಿಸೀತು. ಮಲಯಾಳಿ ಮಕ್ಕಳೊಡನೆ ಒಂದೇ ಬಸ್ಸಿನಲ್ಲಿ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಇದು ಸಣ್ಣ ವಿಷಯವೇ?

ಮಂಜೇಶ್ವರದ ಗೋವಿಂದ ಪೈಗಳದೂ (1883–1963) ಇದೇ ಕಥೆ. 'ರಾಷ್ಟ್ರಕವಿ' ಎಂದರೆ ಮುಗಿಯಿತು. ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿಯೂ ಬುದ್ಧನ ಕೊನೆಯನ್ನು 'ವೈಶಾಖಿ'ಯಲ್ಲಿಯೂ ಬರೆದವರು, ಜಪಾನಿನ ನೋ ನಾಟಕಗಳನ್ನು ಕನ್ನಡಿಸಿದವರು, ಶಾಸನ ಇತಿಹಾಸಗಳನ್ನು ಕೆದಕಿದವರು ಅವರೇ ಎಂದು ಮನೆಯಲ್ಲಿ ಯಾರು ಹೇಳುತ್ತಾರೆ?

ದೊಡ್ಡವರ ಸಂಪುಟಗಳು ಹೇಗೋ ಬಂದಾವು. ಉಳಿದವರ ಗತಿ? ನಮ್ಮ ಊರುಗಳಲ್ಲಿ ಬರೆದ ಎಷ್ಟೋ ಅಧ್ಯಾಪಕರ, ಅರ್ಥಧಾರಿಗಳ ಬರಹ ಇರುವುದು ಶಾಲೆಯ ಸ್ಮರಣ ಸಂಚಿಕೆಗಳಲ್ಲಿ, ಮದುವೆಗೆ ಅಚ್ಚು ಹಾಕಿಸಿದ ಹಾಡುಗಳಲ್ಲಿ, ಚೌಕಟ್ಟು ಹಾಕಿ ಜಗಲಿಯಲ್ಲಿ ತೂಗಿಸಿದ ಬಿನ್ನವತ್ತಳೆಗಳಲ್ಲಿ. ಅವೂ ಒಟ್ಟು ಕೃತಿಯ ಭಾಗವೇ. ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮನೆಗಳಲ್ಲಿ ಅವನ್ನು ಓದುವವರಿಲ್ಲ. ಮನೆ ರಿಪೇರಿಯ ಹೊತ್ತಿಗೆ ಎಲ್ಲವೂ ರದ್ದಿಗೆ ಹೋಗುತ್ತವೆ. ಅಟ್ಟದ ಪೆಟ್ಟಿಗೆ ಕೆಳಗಿಳಿದ ದಿನ, ಗುಜರಿಯವನನ್ನು ಕರೆಯುವ ಮೊದಲು, ಹತ್ತಿರದ ಕನ್ನಡ ಶಾಲೆಯ ಅಧ್ಯಾಪಕರೊಬ್ಬರಿಗೆ ಹೇಳಿ ಕಳುಹಿಸಿ. ನಾವು ಬಂದು ನೋಡುತ್ತೇವೆ.