ಹಿತ್ತಿಲ ಗಿಡ

ಇಂಗ್ಲೆಂಡಿನ ದಕ್ಷಿಣ ಸಮುದ್ರತೀರದಲ್ಲಿರುವ ಬ್ರೈಟನ್ ಪಟ್ಟಣದ ಫುಟ್‌ಬಾಲ್ ಕ್ಲಬ್ಬು 2025ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಸ್ಟೆಫಾನೋಸ್ ಜಿಮಾಸ್ ಎಂಬ ಗ್ರೀಕ್ ತರುಣನನ್ನು ಕೊಂಡುಕೊಂಡಿತು. ಅವನಿಗೆ ಆಗ ಹತ್ತೊಂಬತ್ತು ತುಂಬಿ ಇನ್ನೂ ಒಂದು ತಿಂಗಳಾಗಿದ್ದಿತು. ಎದುರು ಪಕ್ಷದ ಗೋಲಿನ ಮುಂದೆ ಸಮಯ ಕಾದು ನಿಂತು ಚೆಂಡನ್ನು ಬಲೆಗೆ ಸೇರಿಸುವುದೇ ಅವನ ಕಸುಬು. ಫುಟ್‌ಬಾಲಿನ ಪೇಟೆಯಲ್ಲಿ ಇದಕ್ಕಿಂತ ದುಬಾರಿಯಾದ ಕಸುಬು ಮತ್ತೊಂದಿಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಅದೇ ಕ್ಲಬ್ಬು ಖರಾಲಾಂಪೋಸ್ ಕೊಸ್ಟೂಲಾಸ್ ಎಂಬ ಮತ್ತೊಬ್ಬ ಗ್ರೀಕನನ್ನು ಕೊಂಡಿತು. ಇವನ ವಯಸ್ಸು ಹದಿನೆಂಟು, ಕಸುಬು ಅದೇ. ಮನುಷ್ಯನನ್ನು ಕೊಂಡರೆಂಬ ಮಾತು ಕೆಲವು ವಾಚಕರ ಕಿವಿಗೆ ಕಠೋರವಾಗಿ ಕೇಳಿಸೀತು. ಆದರೆ ಆ ವ್ಯವಹಾರದಲ್ಲಿರುವವರು ಆಡುವ ಮಾತೇ ಅದಾದುದರಿಂದ ನಾವು ಅದನ್ನು ಮೃದುಗೊಳಿಸುವ ಗೋಜಿಗೆ ಹೋಗುವುದಿಲ್ಲ.

ಒಂದು ಕೋಟಿಗಿಂತ ತುಸು ಹೆಚ್ಚಿನ ಜನಸಂಖ್ಯೆಯ ಗ್ರೀಸಿನಂಥ ದೇಶವು ಮಕ್ಕಳನ್ನು ಹೆತ್ತು, ಹೊತ್ತು, ಆಟ ಕಲಿಸಿ ಮುಗಿಸುವ ಹೊತ್ತಿಗೆ ಸರಿಯಾಗಿ ಹಣವುಳ್ಳ ಇಂಗ್ಲಿಷರು ಬಂದು ಎತ್ತಿಕೊಂಡು ಹೋಗುವರಲ್ಲಾ ಎಂದು ಆಕ್ರೋಶಿಸುವುದು ಸುಲಭ. ಮತ್ಸ್ಯನ್ಯಾಯವೆಂದು ಇದಕ್ಕೆ ಹೆಸರಿಟ್ಟು ಸುಮ್ಮನಾಗಬಹುದು. ಈ ಆಕ್ರೋಶದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವವರಲ್ಲ. ಆದರೆ ಮೇಲಣ ಎರಡು ವ್ಯವಹಾರಗಳ ಲೆಕ್ಕವನ್ನು ಬಿಡಿಸಿ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದವರಿಗೆ, ಗ್ರೀಸಿನ ಫುಟ್‌ಬಾಲಿಗೆ ಆಗುತ್ತಿರುವ ನಷ್ಟದಲ್ಲಿ ಕೊಳ್ಳುವವನ ಕೈಗಿಂತ ಮಾರುವವನ ಕೈಯೇ ದೊಡ್ಡದೆಂಬುದು ತಿಳಿದುಬರುವುದು.

ಮೊದಲು ಜಿಮಾಸನ ಸಂಗತಿಯನ್ನು ನೋಡೋಣ. ಅವನು ಥೆಸಲೋನಿಕಿ ನಗರದ ಪಾವೋಕ್ ಎಂಬ ಕ್ಲಬ್ಬಿನ ಹುಡುಗ. ಈ ಕ್ಲಬ್ಬಿನ ಪೂರ್ವವೃತ್ತಾಂತವು ತಿಳಿದಿರತಕ್ಕದ್ದು. 1922ರ ಯುದ್ಧದ ಸೋಲಿನ ತರುವಾಯ ಲಕ್ಷಾಂತರ ಗ್ರೀಕರು ತುರ್ಕಿಯ ನೆಲವನ್ನು ಬಿಟ್ಟು ನಿರಾಶ್ರಿತರಾಗಿ ಬಂದರಷ್ಟೆ. ಅವರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಬಂದವರು 1926ರಲ್ಲಿ ಇದನ್ನು ಕಟ್ಟಿದರು. ಬಿಟ್ಟುಬಂದ ನಗರದ ಹೆಸರು ಕ್ಲಬ್ಬಿನ ಹೆಸರಿನಲ್ಲಿಯೇ ಸೇರಿಕೊಂಡಿದೆ. ಅದರ ಲಾಂಛನವು ಬೈಜಾಂಟಿಯಮ್ಮಿನ ಎರಡು ತಲೆಯ ಗಿಡುಗ. ಊರನ್ನು ಕಳೆದುಕೊಂಡವರು ಊರಿಗಾಗಿ ಕಟ್ಟಿದ ಸಂಸ್ಥೆಗೆ ತನ್ನ ಊರ ಹುಡುಗರ ಮೇಲೆ ಅಭಿಮಾನವಿರಬೇಕೆಂದು ಯಾರೂ ನಿರೀಕ್ಷಿಸುವರು. ಅಭಿಮಾನವಿದ್ದುದು ನಿಜ, ನಂಬಿಕೆಯು ಮಾತ್ರ ಅಷ್ಟಿರಲಿಲ್ಲ. 2023-24ರಲ್ಲಿ ಪಾವೋಕ್ ಗ್ರೀಸಿನ ಲೀಗ್ ಪಂದ್ಯಾವಳಿಯನ್ನು ಗೆದ್ದಿತು. ಆ ತಂಡದಲ್ಲಿ ಜಿಮಾಸನಿಗೆ ನಿತ್ಯದ ಸ್ಥಾನವಿರಲಿಲ್ಲ. ಮರುವರ್ಷ ಅವನನ್ನು ಜರ್ಮನಿಯ ಎರಡನೆಯ ದರ್ಜೆಯಲ್ಲಿ ಆಡುತ್ತಿದ್ದ ನ್ಯೂರಂಬರ್ಗ್ ಕ್ಲಬ್ಬಿಗೆ ಎರವಲು ಕೊಟ್ಟರು. ಬೇಕೆನಿಸಿದಲ್ಲಿ ಗೊತ್ತಾದ ಬೆಲೆಗೆ ಕೊಂಡುಕೊಳ್ಳುವ ಹಕ್ಕು ನ್ಯೂರಂಬರ್ಗಿನವರದೆಂದು ಕರಾರಾಯಿತು.

ಅಲ್ಲಿ ಹುಡುಗನಿಗೆ ಸಿಕ್ಕಿದ ಗುರು ಮಿರೊಸ್ಲಾವ್ ಕ್ಲೋಸೆಯವರು. ವಿಶ್ವಕಪ್ ಪಂದ್ಯಗಳಲ್ಲಿ 16 ಗೋಲುಗಳನ್ನು ಹೊಡೆದ ಈ ಮಹನೀಯರು ತಮ್ಮ ತಾರುಣ್ಯದಲ್ಲಿ ಬಡಗಿಯ ಕೆಲಸ ಕಲಿತು, ಇಪ್ಪತ್ತರ ಪ್ರಾಯದವರೆಗೂ ಯಾರ ಕಣ್ಣಿಗೂ ಬೀಳದ ಕೆಳದರ್ಜೆಯ ಕ್ಲಬ್ಬಿನಲ್ಲಿ ಆಡಿಕೊಂಡಿದ್ದವರು. ತಡವಾಗಿ ಚಿಗುರಿದ ಮರಕ್ಕೆ ಸಸಿಯ ಬೆಲೆ ಗೊತ್ತಿರುವುದು ಸಹಜ. ಅವರು ಜಿಮಾಸನಿಗೆ ಉಪದೇಶಕ್ಕಿಂತ ಹೆಚ್ಚಾಗಿ ಮೈದಾನವನ್ನು ಕೊಟ್ಟರು. ಆ ಒಂದು ಋತುವಿನ ಲೀಗ್ ಪಂದ್ಯಗಳಲ್ಲಿ ಹುಡುಗನು 12 ಗೋಲುಗಳನ್ನು ಹೊಡೆದನು. ಋತುವು ಅರ್ಧ ಕಳೆಯುವುದರೊಳಗಾಗಿಯೇ ಬ್ರೈಟನ್ನಿನವರು ಬಾಗಿಲಲ್ಲಿ ನಿಂತಿದ್ದರು. ನ್ಯೂರಂಬರ್ಗ್ ತನ್ನ ಹಕ್ಕನ್ನು ಚಲಾಯಿಸಿತು. ಪತ್ರಿಕೆಗಳಲ್ಲಿ ಬಂದ ವರದಿಗಳಂತೆ ಪಾವೋಕಿಗೆ ಸಲ್ಲಬೇಕಾದುದು ಸುಮಾರು 1 ಕೋಟಿ 80 ಲಕ್ಷ ಯೂರೋ. ಬ್ರೈಟನ್ನಿನಿಂದ ನ್ಯೂರಂಬರ್ಗಿಗೆ ಬಂದುದು ಸುಮಾರು 2 ಕೋಟಿ 50 ಲಕ್ಷ. ಋತುವು ಮುಗಿಯುವವರೆಗೆ ಹುಡುಗನು ಅಲ್ಲಿಯೇ ಆಡಿಕೊಂಡಿರತಕ್ಕದ್ದೆಂದೂ ಗೊತ್ತಾಯಿತು. ಒಟ್ಟಿನಲ್ಲಿ, ಆರು ತಿಂಗಳು ಹುಡುಗನನ್ನು ಆಡಿಸಿದ ಮಾತ್ರಕ್ಕೆ ನಡುವಿನ ಮನೆಗೆ ಎಪ್ಪತ್ತು ಲಕ್ಷದಷ್ಟು ಯೂರೋ ಉಳಿಯಿತು.

ಇದರಲ್ಲಿ ನ್ಯೂರಂಬರ್ಗಿನವರ ತಪ್ಪೇನೂ ಇಲ್ಲ. ದಲ್ಲಾಳಿಯ ಲಾಭವೆಂದು ಅದನ್ನು ಹೀಯಾಳಿಸುವುದೂ ಅನ್ಯಾಯ. ದಲ್ಲಾಳಿಯು ಸರಕನ್ನು ಕೈ ಬದಲಾಯಿಸುತ್ತಾನಲ್ಲದೆ ಅದರ ಗುಣವನ್ನು ಹೆಚ್ಚಿಸುವುದಿಲ್ಲ; ಇವರು ಹೆಚ್ಚಿಸಿದರು. ಪ್ರತಿ ವಾರ ಹನ್ನೊಂದು ಜನರಲ್ಲಿ ಒಬ್ಬನನ್ನಾಗಿ ನಿಲ್ಲಿಸುವುದಕ್ಕೆ ವಿಶೇಷ ದ್ರವ್ಯವೇನೂ ಬೇಕಾಗಿರಲಿಲ್ಲ, ಧೈರ್ಯವೊಂದು ಬೇಕಾಗಿದ್ದಿತು. ಆ ಧೈರ್ಯವನ್ನು ತೋರಿಸಲು ಪಾವೋಕಿನವರಿಗೆ ಅಡ್ಡಿಯೇನಿತ್ತೆಂಬುದೇ ನಮ್ಮ ಪ್ರಶ್ನೆ.

ಈಗ ಕೊಸ್ಟೂಲಾಸನ ಕಡೆಗೆ ತಿರುಗೋಣ. ಇವನು ಪಿರೇಯಸ್ ಬಂದರಿನ ಒಲಿಂಪಿಯಾಕೋಸ್ ಕ್ಲಬ್ಬಿನಲ್ಲಿ ಬೆಳೆದವನು. 2024ರ ಏಪ್ರಿಲ್ ತಿಂಗಳಲ್ಲಿ ಆ ಕ್ಲಬ್ಬಿನ ಬಾಲಕರು ಸ್ವಿಟ್ಜರ್ಲೆಂಡಿನ ನಿಯೋನ್ ಪಟ್ಟಣದಲ್ಲಿ ಇಟಲಿಯ ಮಿಲಾನ್ ಬಾಲಕರನ್ನು ಮೂರು ಗೋಲುಗಳಿಂದ ಸೋಲಿಸಿ ಯೂರೋಪಿನ ಯೂತ್ ಲೀಗ್ ಪ್ರಶಸ್ತಿಯನ್ನು ತಂದರು. ಗ್ರೀಸಿನ ಯಾವ ಕ್ಲಬ್ಬಿಗೂ ಅದುವರೆಗೆ ದಕ್ಕದ ಕೀರ್ತಿಯದು. ಕೊಸ್ಟೂಲಾಸನು ಆ ತಂಡದವನು. ಅವನನ್ನು ಒಲಿಂಪಿಯಾಕೋಸಿನವರು ಎರವಲು ಕಳುಹಿಸಲಿಲ್ಲ. 2024-25ರ ಋತುವಿನಲ್ಲಿ ಹಿರಿಯರ ತಂಡಕ್ಕೆ ಸೇರಿಸಿಕೊಂಡು, ತಮ್ಮ ಜನರ ಕಣ್ಣೆದುರಿಗೇ ಆಡಿಸಿದರು. ಆ ವರ್ಷ ಕ್ಲಬ್ಬು ಲೀಗನ್ನೂ ಗ್ರೀಕ್ ಕಪ್ಪನ್ನೂ ಗೆದ್ದಿತು. ಅನಂತರ ಬ್ರೈಟನ್ನಿನವರು ಬಂದಾಗ ಹೇಳಿದ ಬೆಲೆ ಸುಮಾರು ಮೂರೂವರೆ ಕೋಟಿ ಯೂರೋ. ಕೊಟ್ಟರು.

ಇಬ್ಬರು ಹುಡುಗರ ಗುಣದಲ್ಲಿ ಇಮ್ಮಡಿಯ ಅಂತರವಿದೆಯೆಂದು ಆಟ ಬಲ್ಲವರಾರೂ ಹೇಳಲಾರರು. ವ್ಯತ್ಯಾಸವೆಲ್ಲ ಮನೆಯವರ ನಡತೆಯಲ್ಲಿ. ಒಂದು ಕ್ಲಬ್ಬು ತನ್ನ ಹುಡುಗನ ಬೆಲೆಯನ್ನು ಪರರು ಕಂಡುಹಿಡಿಯಲೆಂದು ಬಿಟ್ಟಿತು. ಮತ್ತೊಂದು ತಾನೇ ಕಂಡುಹಿಡಿಯಿತು. ಒಂದು ವರ್ಷದ ಆಟವು ಊರಿನವರ ಪಾಲಿಗೆ ಬಂದಿತಲ್ಲಾ, ಆ ಲಾಭವನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ.

ಹಾಗೆಂದು ಒಲಿಂಪಿಯಾಕೋಸನ್ನು ಆದರ್ಶವೆಂದು ಎತ್ತಿ ಹಿಡಿಯಲಾರೆವು. ಬಾಲಕರು ನಿಯೋನಿನಲ್ಲಿ ಗೆದ್ದ ಐದೇ ವಾರಗಳಲ್ಲಿ, ಮೇ 29ರಂದು, ಹಿರಿಯರು ಅಥೆನ್ಸಿನಲ್ಲಿ ಇಟಲಿಯ ಫಿಯೊರೆಂಟಿನಾ ಕ್ಲಬ್ಬನ್ನು ಸೋಲಿಸಿ ಕಾನ್ಫರೆನ್ಸ್ ಲೀಗ್ ಕಪ್ಪನ್ನು ಗೆದ್ದರು. ಯೂರೋಪಿನ ಕಪ್ಪೊಂದು ಗ್ರೀಸಿನ ಕ್ಲಬ್ಬಿಗೆ ಬಂದುದು ಅದೇ ಮೊದಲು. ಅಂದು ಗೋಲು ಹೊಡೆದವನು ಮೊರಾಕ್ಕೋ ದೇಶದ ಎಲ್ ಕಾಬಿ, ತರಬೇತುಗಾರರು ಸ್ಪೇನಿನವರು, ಮೈದಾನಕ್ಕಿಳಿದವರಲ್ಲಿ ಹೆಚ್ಚಿನವರು ಹೊರನಾಡಿನವರು. ನಮಗೆ ಪರದೇಶದ ಆಟಗಾರರ ಮೇಲೆ ದ್ವೇಷವಿಲ್ಲ. ಆದರೆ ಒಂದೇ ಮನೆಯ ಮಕ್ಕಳು ಯೂರೋಪಿನಲ್ಲೇ ಶ್ರೇಷ್ಠರೆನಿಸಿಕೊಂಡ ವಸಂತದಲ್ಲಿ, ಆ ಮನೆಯ ಹಿರಿಯರ ಪಂಕ್ತಿಯಲ್ಲಿ ಸ್ವದೇಶದವರು ವಿರಳವಾಗಿದ್ದುದು ಯೋಚನೆಗೆ ಎಡೆಗೊಡತಕ್ಕ ವಿಷಯ. ಹಿತ್ತಿಲ ಗಿಡ ಮದ್ದಲ್ಲವೆಂಬ ನಮ್ಮ ಗಾದೆಗೆ ಗ್ರೀಕ್ ಭಾಷೆಯಲ್ಲಿಯೂ ಸಮಾನವಾದುದೊಂದು ಇರಲೇಬೇಕು.

ಇದಕ್ಕೆ ಕಾರಣಗಳಿಲ್ಲವೆಂದಲ್ಲ. ದೊಡ್ಡ ಕ್ಲಬ್ಬುಗಳ ಅಭಿಮಾನಿಗಳಿಗೆ ಪ್ರತಿ ಭಾನುವಾರವೂ ಗೆಲುವು ಬೇಕು. ಊರ ಹುಡುಗನೂ ಬೇಕು. ಹುಡುಗನು ಎರಡು ಸಲ ಗುರಿ ತಪ್ಪಿದರೆ ಕೂಗಿ ಕೆಳಗಿಳಿಸುವ ಹಕ್ಕೂ ಬೇಕು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ! ತರಬೇತುಗಾರರ ಅವಸ್ಥೆಯಾದರೋ ಇನ್ನೂ ಶೋಚನೀಯ. ನಾಲ್ಕು ಪಂದ್ಯಗಳನ್ನು ಸೋತರೆ ಕೆಲಸ ಹೋಗುವುದೆಂದು ಅರಿತವರು ಹದಿನೆಂಟರ ಹುಡುಗನನ್ನು ನಂಬಿ ಕೂಡುವರೆ? ಮೂವತ್ತು ದಾಟಿದ, ಹೆಸರಾಂತ, ಸ್ವಲ್ಪ ಕಾಲೆಳೆಯುವ ಪರದೇಶಿಯನ್ನೇ ಕರೆಯುವರು. ಆಡಳಿತದವರಾದರೂ ಅವರನ್ನು ತಡೆಯುವಂತಿಲ್ಲ. ಯೂರೋಪಿನ ಪಂದ್ಯಾವಳಿಗಳಲ್ಲಿ ಪ್ರವೇಶ ದೊರೆತರೆ ಬರುವ ಹಣವೇ ಬೊಕ್ಕಸದ ಆಧಾರ.

ಪರಿಣಾಮವು ರಾಷ್ಟ್ರೀಯ ತಂಡದ ಮೇಲೆ ಎದ್ದು ಕಾಣುತ್ತದೆ. 2004ರಲ್ಲಿ ಲಿಸ್ಬನ್ ನಗರದಲ್ಲಿ ಪೋರ್ಚುಗಲ್ಲನ್ನು ಅದರ ನೆಲದಲ್ಲಿಯೇ ಸೋಲಿಸಿ ಯೂರೋಪಿನ ಚಾಂಪಿಯನ್ನರಾದ ಗ್ರೀಕರು, 2014ರ ವಿಶ್ವಕಪ್ಪಿನ ಅನಂತರ ಹನ್ನೆರಡು ವರ್ಷ ಯಾವ ಮಹಾಪಂದ್ಯಾವಳಿಯ ಅಂಗಳಕ್ಕೂ ಕಾಲಿಡಲಾಗಲಿಲ್ಲ. 2026ರ ವಿಶ್ವಕಪ್ಪಿಗೂ ಅರ್ಹತೆ ಪಡೆಯಲಿಲ್ಲ. ನಡುವೆ ಒಂದು ಮಿಂಚು ಹೊಳೆಯಿತು: 2024ರ ಅಕ್ಟೋಬರಿನಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಗ್ರೀಕರು ಇಂಗ್ಲೆಂಡನ್ನು 2-1ರಿಂದ ಸೋಲಿಸಿದರು. ಎರಡು ಗೋಲುಗಳನ್ನೂ ಹೊಡೆದವನು ಥೆಸಲೋನಿಕಿಯಲ್ಲಿ ಹುಟ್ಟಿದ ವಾಂಗೆಲಿಸ್ ಪಾವ್ಲಿಡಿಸ್. ಇವನು ಎಳೆಯ ವಯಸ್ಸಿನಲ್ಲಿಯೇ ಜರ್ಮನಿಯ ಬೋಖುಮ್ ಕ್ಲಬ್ಬಿಗೆ ಹೋಗಿ, ಆಮೇಲೆ ಹಾಲೆಂಡಿನಲ್ಲಿ ಪಳಗಿ, ಪೋರ್ಚುಗಲ್ಲಿನ ಬೆನ್‌ಫಿಕಾ ಸೇರಿದವನು. ಅವನು ತಾಯ್ನಾಡಿನ ದೊಡ್ಡ ಕ್ಲಬ್ಬುಗಳ ಹಿರಿಯರ ತಂಡದಲ್ಲಿ ಬೆಳೆದವನಲ್ಲ.

ಹಾಗಾದರೆ ಹುಡುಗರು ಬೇಗನೆ ಹೊರಡುವುದೇ ಮೇಲಲ್ಲವೆ ಎಂದು ವಾಚಕರು ಕೇಳಬಹುದು. ಪಾವ್ಲಿಡಿಸನಿಗೆ ಮೇಲಾಯಿತು. ಅವನಿಗಿಂತ ಮುಂಚೆ ಕ್ರೀಟ್ ದ್ವೀಪದ ಸಮಾರಾಸನೂ ಹದಿನಾರರ ಸುಮಾರಿನಲ್ಲಿಯೇ ಹಾಲೆಂಡಿಗೆ ಹೋಗಿ, 2006ರಲ್ಲಿ 60 ಲಕ್ಷ ಪೌಂಡಿಗೆ ಮ್ಯಾಂಚೆಸ್ಟರ್ ಸಿಟಿಯನ್ನು ಸೇರಿ, 2014ರ ವಿಶ್ವಕಪ್ಪಿನಲ್ಲಿ ಐವರಿ ಕೋಸ್ಟಿನ ವಿರುದ್ಧ ಕೊನೆಯ ಗಳಿಗೆಯಲ್ಲಿ ಹೊಡೆದ ಪೆನಾಲ್ಟಿಯಿಂದ ಗ್ರೀಸನ್ನು ಮುಂದಿನ ಸುತ್ತಿಗೆ ದಾಟಿಸಿದನು. ಆದರೆ ದಡ ಮುಟ್ಟಿದವರ ಹೆಸರುಗಳಷ್ಟೇ ನಮ್ಮ ಕಿವಿಗೆ ಬೀಳುವುವು. ಭಾಷೆ ಬಾರದ ಊರಿನಲ್ಲಿ, ಓದನ್ನು ಅರ್ಧಕ್ಕೆ ಬಿಟ್ಟು, ಕಾಲು ಮುರಿದುಕೊಂಡು ಹಿಂತಿರುಗಿದ ಹುಡುಗನ ಹೆಸರನ್ನು ಯಾವ ಪತ್ರಿಕೆ ಅಚ್ಚುಹಾಕುವುದು?

ಈ ಕಾರಣದಿಂದಲೇ ಫುಟ್‌ಬಾಲಿನ ಜಾಗತಿಕ ಸಂಸ್ಥೆಯಾದ ಫೀಫಾ, ಹದಿನೆಂಟು ತುಂಬದವರನ್ನು ದೇಶದಿಂದ ದೇಶಕ್ಕೆ ಸಾಗಿಸಕೂಡದೆಂದು ನಿಬಂಧನೆಯನ್ನು ಮಾಡಿರುವುದು. ಅದನ್ನು ಮೀರಿದ್ದಕ್ಕಾಗಿ 2014ರಲ್ಲಿ ಬಾರ್ಸಿಲೋನಾದಂಥ ಪ್ರಬಲ ಕ್ಲಬ್ಬಿಗೂ ಹೊಸ ಆಟಗಾರರನ್ನು ಸೇರಿಸಿಕೊಳ್ಳದಂತೆ ಶಿಕ್ಷೆಯಾಯಿತು. ತಂದೆತಾಯಿಗಳು ಬೇರೆ ಕಾರಣಕ್ಕಾಗಿ ವಲಸೆ ಹೋದಲ್ಲಿ ವಿನಾಯಿತಿಯುಂಟು. ಯೂರೋಪಿನ ಒಕ್ಕೂಟದೊಳಗೆ ಹದಿನಾರು ತುಂಬಿದವರಿಗೂ ಉಂಟು. ಇಂಗ್ಲೆಂಡು ಒಕ್ಕೂಟವನ್ನು ತೊರೆದ ಮೇಲೆ, 2021ರ ಜನವರಿಯಿಂದ, ಆ ಎರಡನೆಯ ಬಾಗಿಲು ಇಂಗ್ಲಿಷ್ ಕ್ಲಬ್ಬುಗಳಿಗೆ ಮುಚ್ಚಿಹೋಯಿತು. ಬ್ರೈಟನ್ನಿನವರು ಕೊಸ್ಟೂಲಾಸನನ್ನು ಹದಿನಾರರಲ್ಲಿ ಅಗ್ಗವಾಗಿ ಒಯ್ಯಲಾರದೆ ಹದಿನೆಂಟರಲ್ಲಿ ಪೂರ್ಣ ಬೆಲೆ ತೆತ್ತುದಕ್ಕೆ ಇದೂ ಒಂದು ಕಾರಣ. ರಾಜಕೀಯದಲ್ಲಿ ಇಂಗ್ಲಿಷರು ತಮಗಾಗಿ ಹಾಕಿಕೊಂಡ ಬೇಲಿಯು ಗ್ರೀಕ್ ಕ್ಲಬ್ಬುಗಳ ಹೊಲವನ್ನು ಎರಡು ವರ್ಷ ಕಾಯುತ್ತಿರುವುದು ವಿನೋದವೇ ಸರಿ. ಜರ್ಮನಿ, ಹಾಲೆಂಡು, ಬೆಲ್ಜಿಯಂಗಳ ಕಡೆಗೆ ಮಾತ್ರ ಆ ಹೊಲಕ್ಕೆ ಬೇಲಿಯಿಲ್ಲ.

ಕೊಳ್ಳುವವರ ವಿಷಯದಲ್ಲಿಯೂ ಭ್ರಮೆ ಬೇಡ. ಬ್ರೈಟನ್ ಕ್ಲಬ್ಬು ಅಂಕಿಅಂಶಗಳನ್ನು ಜಾಲಾಡಿ, ಜಗತ್ತಿನ ಮೂಲೆಮೂಲೆಗಳಿಂದ ಎಳೆಯರನ್ನು ಆರಿಸುವುದರಲ್ಲಿ ನಿಸ್ಸೀಮವಾದುದು. 2021ರಲ್ಲಿ ಈಕ್ವೆಡಾರ್ ದೇಶದಿಂದ ಕೈಸೆಡೋ ಎಂಬ ಹುಡುಗನನ್ನು ಐವತ್ತು ಲಕ್ಷ ಪೌಂಡಿಗೂ ಕಡಿಮೆಗೆ ತಂದು, 2023ರಲ್ಲಿ ಚೆಲ್ಸಿ ಕ್ಲಬ್ಬಿಗೆ 10 ಕೋಟಿ ಪೌಂಡಿಗೆ ಮಾರಿತು. ಷರತ್ತಿನ ಮೇಲೆ ಬರತಕ್ಕ ಹಣ ಬೇರೆ. ಇಂಥವರು ಒಬ್ಬ ತರುಣನ ಬೆನ್ನು ಹತ್ತಿದಾಗ ಅವರ ಕಣ್ಣು ಅವನ ಇಂದಿನ ಗೋಲುಗಳ ಮೇಲಿರುವಷ್ಟೇ ಅವನ ನಾಳಿನ ಬೆಲೆಯ ಮೇಲೂ ಇರುವುದು. ವ್ಯಾಪಾರಿಯು ವ್ಯಾಪಾರವನ್ನು ಮಾಡಿದನೆಂದು ದೂರುವುದರಲ್ಲಿ ಅರ್ಥವಿಲ್ಲ. ಜಾಣ ಗಿರಾಕಿಯು ಬಂದಾಗ ತನ್ನ ಸರಕು ಏನೆಂದು ತನಗೇ ತಿಳಿಯದಿರುವುದು ಅಂಗಡಿಯವನ ದೋಷ.

ಈ ಕೋಟಿಗಳ ನಡುವೆ ಹುಡುಗನಿಗೆ ಮೊದಲು ಚೆಂಡು ಕೊಟ್ಟ ಬೀದಿಯ ಕ್ಲಬ್ಬಿನ ಗತಿಯೇನು? ಫೀಫಾದ ನಿಯಮದಂತೆ ದೇಶಾಂತರ ವ್ಯವಹಾರದ ಮೊತ್ತದಲ್ಲಿ ನೂರಕ್ಕೆ ಐದರಷ್ಟನ್ನು, ಆಟಗಾರನನ್ನು ಹನ್ನೆರಡರಿಂದ ಇಪ್ಪತ್ತಮೂರರವರೆಗೆ ತರಬೇತುಗೊಳಿಸಿದ ಕ್ಲಬ್ಬುಗಳಿಗೆ ಹಂಚತಕ್ಕದ್ದು. ಆ ಐದರಲ್ಲಿ ಎಳೆತನದ ಒಂದೊಂದು ವರ್ಷಕ್ಕೆ ದೊರೆಯುವುದು ಇಪ್ಪತ್ತನೆಯ ಒಂದು ಪಾಲು. ಮೂರೂವರೆ ಕೋಟಿಯ ಮಾರಾಟದಲ್ಲಿ ಇದು ವರ್ಷಕ್ಕೆ 87,500 ಯೂರೋ ಆಗುವುದು. ಹಳ್ಳಿಯ ಕ್ಲಬ್ಬಿಗೆ ಅದು ಸಣ್ಣ ಮೊತ್ತವಲ್ಲ. ಮೈದಾನಕ್ಕೆ ಹುಲ್ಲು, ಮಕ್ಕಳಿಗೆ ಬೂಟು, ಒಬ್ಬ ಮೇಷ್ಟರ ಸಂಬಳ ಎಲ್ಲವೂ ಅದರಲ್ಲಿ ಆದೀತು. ಆದರೆ ಹನ್ನೆರಡಕ್ಕೆ ಮುಂಚಿನ ವರ್ಷಗಳಿಗೆ ಕಾಸೂ ಇಲ್ಲ. ಕಾಲಿಗೆ ಚೆಂಡಿನ ರುಚಿ ಹತ್ತುವುದು ಆ ವರ್ಷಗಳಲ್ಲಿಯೇ ಎಂಬುದನ್ನು ಬಲ್ಲವರೆಲ್ಲರೂ ಬಲ್ಲರು. ಈ ಐದು ಹತ್ತಾಗಬೇಕು, ಹನ್ನೆರಡು ಎಂಟಕ್ಕಿಳಿಯಬೇಕು. ದೊಡ್ಡ ಕ್ಲಬ್ಬುಗಳು ಇದರಿಂದ ದಿವಾಳಿಯಾಗುವುದಿಲ್ಲ.

ಉಳಿದುದು ಗ್ರೀಕರ ಕೈಯಲ್ಲಿಯೇ ಇದೆ. ಅವರು ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. 2021-22ರ ಋತುವಿನಿಂದ ಪಾವೋಕ್, ಒಲಿಂಪಿಯಾಕೋಸ್ ಮೊದಲಾದ ನಾಲ್ಕು ದೊಡ್ಡ ಕ್ಲಬ್ಬುಗಳ ಎರಡನೆಯ ತಂಡಗಳಿಗೆ ದೇಶದ ದ್ವಿತೀಯ ದರ್ಜೆಯ ಲೀಗಿನಲ್ಲಿ ಸ್ಥಾನ ಕೊಟ್ಟರು. ಅಲ್ಲಿ ಹದಿನೇಳರ ಹುಡುಗನು ತನ್ನ ಓರಗೆಯವರನ್ನು ಬಿಟ್ಟು, ಹೆಂಡತಿ ಮಕ್ಕಳನ್ನು ಸಾಕಲೆಂದು ಆಡುವ ಗಡ್ಡದ ರಕ್ಷಕರನ್ನು ಎದುರಿಸಬೇಕಾಗುವುದು. ಒಳ್ಳೆಯ ಶಾಲೆಯದು. ಆ ಶಾಲೆಯಿಂದ ಹಿರಿಯರ ಮೈದಾನಕ್ಕಿರುವ ನೂರು ಗಜದ ಹಾದಿಯೇ ಇನ್ನೂ ದುರ್ಗಮವಾಗಿರುವುದು. ನಿಯೋನಿನಲ್ಲಿ ಗೆದ್ದ ಬಾಲಕರ ಪೈಕಿ ಕ್ರಿಸ್ಟೋಸ್ ಮುಜಾಕಿಟಿಸ್ ಎಂಬವನು ಆ ಹಾದಿಯನ್ನು ದಾಟಿದನು. ಕೊಸ್ಟೂಲಾಸನು ಹೊರಟುಹೋದ ಮೇಲೂ ಅವನು ಪಿರೇಯಸಿನಲ್ಲಿಯೇ ಉಳಿದು, 2025-26ರ ಋತುವಿನಲ್ಲಿ ಒಲಿಂಪಿಯಾಕೋಸಿನ ಕೆಂಪು ಬಿಳಿಯ ಅಂಗಿಯನ್ನು ತೊಟ್ಟು ಯೂರೋಪಿನ ಚಾಂಪಿಯನ್ಸ್ ಲೀಗಿನಲ್ಲಿ ಆಡಿದನು.